ಗಂಟೆ ಮೀಟರಿನ ಲೆಕ್ಕ



ಇವತ್ತು ಟ್ರ್ಯಾಕ್ಟರಿನ ಮಾತು. ಕುಣಿಗಲ್, ಗುಬ್ಬಿ, ತುಮಕೂರು ತಾಲ್ಲೂಕುಗಳ ಹೊಲ, ಗದ್ದೆ, ತೋಟಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಮಾತಾಡುತ್ತೇನೆ.

ಟ್ರ್ಯಾಕ್ಟರ್ ಇರುವ ಮನೆಗೆ ಹೋಗಿ, ಬೆಲೆ ಎಷ್ಟಾಯಿತು ಎಂದು ಕೇಳಿ. ಥಟ್ಟನೆ ಹೇಳುತ್ತಾರೆ. ಎಷ್ಟು ಎಚ್‌ಪಿ ಎಂದು ಕೇಳಿ. ಸ್ಕೂಲಿಗೆ ಹೋಗುವ ಹುಡುಗನೂ ಹೇಳುತ್ತಾನೆ. ಕಳೆದ ವರ್ಷ ಎಷ್ಟು ಗಂಟೆ ಓಡಿತು ಎಂದು ಕೇಳಿ ನೋಡಿ. ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆದರೆ ಟ್ರ್ಯಾಕ್ಟರಿನ ಲಾಭ ನಷ್ಟ, ರಿಪೇರಿ ಖರ್ಚು, ಬಾಳಿಕೆ ಎಲ್ಲವೂ ನಿಂತಿರುವುದು ಆ ಮೂರನೆಯ ಪ್ರಶ್ನೆಯ ಮೇಲೆಯೇ. ಆ ಒಂದು ಪ್ರಶ್ನೆಯನ್ನೇ ಹಿಡಿದು ಹೋಗೋಣ.

ಮೊದಲು ಆ ಗಂಟೆಗಳನ್ನು ಎಣಿಸುವ ಗಂಟೆ ಮೀಟರ್ ಎಲ್ಲಿದೆ, ಹೇಗಿದೆ ಎಂದು ಹೇಳುತ್ತೇನೆ. ಟ್ರ್ಯಾಕ್ಟರಿನ ಸೀಟಿನ ಮೇಲೆ ಕುಳಿತರೆ ಸ್ಟೀರಿಂಗಿನ ಆಚೆ ಒಂದು ದುಂಡು ಮೀಟರ್ ಕಾಣುತ್ತದೆ. ಅದರಲ್ಲಿ ಒಂದು ಮುಳ್ಳು. ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ಆ ಮುಳ್ಳು ತೋರಿಸುತ್ತದೆ. ಅದೇ ಮೀಟರಿನೊಳಗೆ ಬೆರಳಗಲದ ಒಂದು ಕಿಂಡಿ. ಕಿಂಡಿಯಲ್ಲಿ ಸಾಲಾಗಿ ಅಂಕಿಗಳು. ಸಾಮಾನ್ಯವಾಗಿ ಕೊನೆಯ ಅಂಕಿಯ ಬಣ್ಣ ಬೇರೆ. ಅದು ಗಂಟೆಯ ಹತ್ತನೇ ಒಂದು ಪಾಲು, ಅಂದರೆ 6 ನಿಮಿಷ. ಬೈಕಿನ ವಯಸ್ಸನ್ನು ಕಿಲೋಮೀಟರಿನಲ್ಲಿ ಹೇಳುತ್ತೇವೆ. ಟ್ರ್ಯಾಕ್ಟರಿನ ವಯಸ್ಸನ್ನು ಈ ಕಿಂಡಿ ಹೇಳುತ್ತದೆ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಹಳೆಯ ಗಾಡಿಗಳಲ್ಲಿ ಈ ಮೀಟರನ್ನು ಕೇಬಲ್ಲಿನ ಮೂಲಕ ಎಂಜಿನ್ನಿಗೆ ಜೋಡಿಸಿರುತ್ತಾರೆ. ಅದು ಕೈಗಡಿಯಾರದ ಗಂಟೆಯನ್ನು ಎಣಿಸುವುದಿಲ್ಲ. ಎಂಜಿನ್ನಿನ ಸುತ್ತುಗಳನ್ನು ಎಣಿಸುತ್ತದೆ. ಕಂಪನಿ ಗೊತ್ತು ಮಾಡಿದ ವೇಗದಲ್ಲಿ ಒಂದು ಗಂಟೆ ಓಡಿದರೆ ಮೀಟರಿನಲ್ಲಿ ಒಂದು ಗಂಟೆ. ನಿಧಾನ ಓಡಿಸಿದರೆ ಮೀಟರೂ ನಿಧಾನ. ಹೊಸ ಡಿಜಿಟಲ್ ಮೀಟರುಗಳು ಸಾಮಾನ್ಯವಾಗಿ ಗಡಿಯಾರದ ಗಂಟೆಯನ್ನೇ ಹೇಳುತ್ತವೆ. ಬಾಡಿಗೆಗೆ ಕರೆಸುವವರು ಇದನ್ನು ತಿಳಿದಿರಬೇಕು. ಉಳುಮೆ ಕಾಲದಲ್ಲಿ ಯಾವ ಬದುವಿನ ಮೇಲೆ ನಿಂತರೂ ಈ ಮಾತು ಕಿವಿಗೆ ಬೀಳುತ್ತದೆ.

"ಏನಪ್ಪಾ, ನನ್ ವಾಚಲ್ಲಿ ಎರಡೂವರೆ ಗಂಟೆ ಆಗಿರೋದು. ನೀನು ಮೂರು ಅಂತೀಯಲ್ಲ?"

"ಗೌಡ್ರೇ, ಊರಿಂದ ಬಂದಿದ್ದು ಲೆಕ್ಕ ಇಲ್ವಾ? ಬೇಕಾದ್ರೆ ಮೀಟ್ರು ನೋಡ್ಕಳಿ."

ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ಲೆಕ್ಕ ಮಾತ್ರ ಬೇರೆ ಬೇರೆ. ಗಾಡಿ ಹೊಲಕ್ಕೆ ಇಳಿಯುವ ಮುಂಚೆಯೇ ಮೂರು ಮಾತು ಆಡಿಬಿಡಿ. ಮೀಟರ್ ಲೆಕ್ಕವೋ, ವಾಚ್ ಲೆಕ್ಕವೋ? ಬಂದು ಹೋಗುವ ದಾರಿ ಸೇರಿದೆಯೋ, ಇಲ್ಲವೋ? ಡೀಸೆಲ್ ಯಾರದು? ಇಷ್ಟಾದರೆ ಸಂಜೆ ಜಗಳವಿಲ್ಲ.

ಗಂಟೆ ಮೀಟರ್ ಏನು ಎಣಿಸುತ್ತದೆ ಎಂದು ತಿಳಿಯಿತು. ಇನ್ನು ದೊಡ್ಡ ಪ್ರಶ್ನೆಗೆ ಬರೋಣ. ಟ್ರ್ಯಾಕ್ಟರ್ ಕೊಳ್ಳಬೇಕೋ, ಬಾಡಿಗೆಗೆ ಕರೆಸಬೇಕೋ?

ಒಂದು ಮನೆಯ ಲೆಕ್ಕ ಹಾಕೋಣ. 2015-16ರ ಕೃಷಿ ಗಣತಿಯ ಪ್ರಕಾರ ಕರ್ನಾಟಕದ ರೈತನ ಸರಾಸರಿ ಹಿಡುವಳಿ ಮೂರೂವರೆ ಎಕರೆಗೂ ಕಡಿಮೆ. ನಮ್ಮ ಲೆಕ್ಕಕ್ಕೆ ಸ್ವಲ್ಪ ಹೆಚ್ಚೇ ಇಟ್ಟುಕೊಳ್ಳೋಣ. 5 ಎಕರೆ ಇದೆ ಅನ್ನಿ. 3 ಎಕರೆ ರಾಗಿ ಹೊಲ, 2 ಎಕರೆ ತೆಂಗಿನ ತೋಟ. ಒಂಬತ್ತು ಗುಳದ ಕಲ್ಟಿವೇಟರ್ ನಮ್ಮ ಸಣ್ಣ ತಾಕುಗಳಲ್ಲಿ ಗಂಟೆಗೆ ಹತ್ತಿರ ಹತ್ತಿರ ಒಂದು ಎಕರೆ ಉಳುತ್ತದೆ. ಎರಡು ಸಲ ಉತ್ತರೆ 6 ಗಂಟೆ. ರೋಟವೇಟರ್ ಇನ್ನೂ ನಿಧಾನ. ಒಂದು ಸಲಕ್ಕೆ 4 ಗಂಟೆ ಹಿಡಿಯಿರಿ. ಗೊಬ್ಬರ ಹೊಡೆಯಲು 4 ಗಂಟೆ. ಒಕ್ಕಣೆಗೆ, ಹುಲ್ಲು ಸಾಗಿಸಲು 5 ಗಂಟೆ. ತೋಟಕ್ಕೆ ವರ್ಷದಲ್ಲಿ ಎರಡು ಸಲ ಸೇರಿ 5 ಗಂಟೆ. ಆ ಕೆಲಸ ಈ ಕೆಲಸ ಎಂದು ಇನ್ನೊಂದಷ್ಟು. ಎಲ್ಲ ಕೂಡಿದರೂ ವರ್ಷಕ್ಕೆ 30 ಗಂಟೆ ದಾಟುವುದು ಕಷ್ಟ.

ಈಗ ಖರ್ಚು. ಟ್ರ್ಯಾಕ್ಟರ್, ಕಲ್ಟಿವೇಟರ್, ರೋಟವೇಟರ್ ಸೇರಿ 9 ಲಕ್ಷ ರೂಪಾಯಿ ಎಂದು ಇಟ್ಟುಕೊಳ್ಳಿ. ಹತ್ತು ವರ್ಷದ ಮೇಲೆ ಮಾರಿದರೆ 3 ಲಕ್ಷ ಬಂದೀತು. ಕರಗಿದ್ದು 6 ಲಕ್ಷ. ಅಂದರೆ ವರ್ಷಕ್ಕೆ 60 ಸಾವಿರ. ಹಾಕಿದ ದುಡ್ಡಿನ ಮೇಲೆ ನೂರಕ್ಕೆ ಹತ್ತರಂತೆ ಬಡ್ಡಿ ಹಿಡಿದರೆ ವರ್ಷಕ್ಕೆ ಸರಾಸರಿ ಇನ್ನೊಂದು 60 ಸಾವಿರ. ಸಾಲ ಮಾಡದೆ ಕೈಯ ದುಡ್ಡು ಹಾಕಿದ್ದರೂ ಬಡ್ಡಿ ಬಡ್ಡಿಯೇ. ಆ ದುಡ್ಡು ಬೇರೆ ಕಡೆ ದುಡಿಯುತ್ತಿತ್ತು. ವಿಮೆ, ಟೈರು, ರಿಪೇರಿಗೆ 30 ಸಾವಿರ. ಒಟ್ಟು ಒಂದೂವರೆ ಲಕ್ಷ. ಕೀ ತಿರುಗಿಸುವ ಮುಂಚೆಯೇ ಬೀಳುವ ಖರ್ಚು ಇದು.

ಈ ಒಂದೂವರೆ ಲಕ್ಷವನ್ನು 30 ಗಂಟೆಗೆ ಹಂಚಿ. ಗಂಟೆಗೆ 5,000 ರೂಪಾಯಿ. ಅದೇ 300 ಗಂಟೆಗೆ ಹಂಚಿ. ಗಂಟೆಗೆ 500 ರೂಪಾಯಿ. ಇದರ ಮೇಲೆ ಡೀಸೆಲ್, ಆಯಿಲ್, ಡ್ರೈವರ್ ಕೂಲಿ. ಅದಕ್ಕೂ ಗಂಟೆಗೆ ಸುಮಾರು 500 ರೂಪಾಯಿ ಹಿಡಿಯೋಣ. ಅಲ್ಲಿಗೆ 300 ಗಂಟೆ ಓಡುವ ಟ್ರ್ಯಾಕ್ಟರಿನ ಒಂದು ಗಂಟೆಗೆ ಬಿದ್ದ ಖರ್ಚು 1,000 ರೂಪಾಯಿ. ನಿಮ್ಮೂರಿನ ಬಾಡಿಗೆಯೂ ಗಂಟೆಗೆ 1,000 ರೂಪಾಯಿ ಆಸುಪಾಸಿನಲ್ಲಿದ್ದರೆ, ವರ್ಷಕ್ಕೆ 300 ಗಂಟೆ ಓಡಿಸುವ ಮನೆಗೆ ಮಾತ್ರ ಅಸಲು ಸರಿಹೋಗುತ್ತದೆ. 30 ಗಂಟೆಯ ಮನೆಗೆ ಬಾಡಿಗೆಯಲ್ಲಿ 30 ಸಾವಿರಕ್ಕೆ ಮುಗಿಯುವ ಕೆಲಸ, ಸ್ವಂತ ಗಾಡಿಯಲ್ಲಿ 1 ಲಕ್ಷ 65 ಸಾವಿರ ತಿನ್ನುತ್ತದೆ. ವರ್ಷಕ್ಕೆ 1,000 ಗಂಟೆ ಓಡಬೇಕು ಎನ್ನುವುದು ಕೃಷಿ ಎಂಜಿನಿಯರುಗಳ ಹಳೆಯ ಅಳತೆ. ನಾನು 300ಕ್ಕೇ ನಿಲ್ಲಿಸಿದ್ದೇನೆ. ಬೆಲೆ, ಬಡ್ಡಿ, ಬಾಡಿಗೆಗೆ ನಿಮ್ಮೂರಿನ ಅಂಕಿ ಹಾಕಿಕೊಳ್ಳಿ. ಲೆಕ್ಕದ ದಾರಿ ಇದೇ.

ಸಹಾಯಧನ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ. ಕೃಷಿ ಯಂತ್ರೋಪಕರಣಗಳಿಗೆ ಸಾಮಾನ್ಯ ವರ್ಗದವರಿಗೆ ಅರ್ಧ ಬೆಲೆ, ಪರಿಶಿಷ್ಟ ಜಾತಿ ಪಂಗಡದವರಿಗೆ ನೂರಕ್ಕೆ ತೊಂಬತ್ತು, ಗೊತ್ತುಪಡಿಸಿದ ಮಿತಿಯೊಳಗೆ ಸಿಗುತ್ತದೆ. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ನಿಮ್ಮ ಎಫ್‌ಐಡಿ ಎಂಬ ರೈತ ಗುರುತಿನ ಸಂಖ್ಯೆಯೊಂದಿಗೆ ಹೋಗಿ ವಿಚಾರಿಸಿ. ಯಾವ ಯಂತ್ರಕ್ಕೆ ಈ ವರ್ಷ ಎಷ್ಟು ಮಿತಿ ಎಂದು ಅಲ್ಲೇ ಹೇಳುತ್ತಾರೆ. ಜಿಎಸ್‌ಟಿ ಕೂಡ 2025ರ ಸೆಪ್ಟೆಂಬರ್ 22ರಿಂದ ನೂರಕ್ಕೆ 12ರಿಂದ 5ಕ್ಕೆ ಇಳಿದಿದೆ. 7 ಲಕ್ಷದ ಗಾಡಿಯಲ್ಲಿ 40ರಿಂದ 50 ಸಾವಿರ ಉಳಿದಂತೆ. ಸಂತೋಷ. ಆದರೆ ಒಂದು ಮಾತು ನೆನಪಿಡಿ. ಸಹಾಯಧನ ಬೆಲೆಯನ್ನು ಇಳಿಸುತ್ತದೆ. ನಿಮ್ಮ ಹೊಲದ ಗಂಟೆಗಳನ್ನು ಹೆಚ್ಚಿಸುವುದಿಲ್ಲ.

ಇಷ್ಟು ಲೆಕ್ಕ ಗೊತ್ತಿದ್ದವರೂ ಟ್ರ್ಯಾಕ್ಟರ್ ಕೊಳ್ಳುತ್ತಾರೆ. ಅವರು ದಡ್ಡರಲ್ಲ. ಅವರಿಗಿರುವುದು ಹದದ ಭಯ. ನಮ್ಮದು ಕೆಂಪು ಮಣ್ಣು. ಒಣಗಿದರೆ ಗುಳ ಇಳಿಯುವುದಿಲ್ಲ. ಭರಣಿಯೋ ಕೃತ್ತಿಕೆಯೋ ಒಂದು ಒಳ್ಳೆಯ ಮಳೆ ಬಿದ್ದ ಮೇಲೆ ಉಳುಮೆಯ ಹದ ಮೂರು ನಾಲ್ಕು ದಿನ ನಿಂತರೆ ಹೆಚ್ಚು. ಆ ಮೂರು ದಿನ ಊರಿಗೆ ಊರೇ ಟ್ರ್ಯಾಕ್ಟರ್ ಕೇಳುತ್ತದೆ. ಬಾಡಿಗೆ ಗಾಡಿಯವನು ಫೋನ್ ಎತ್ತುವುದಿಲ್ಲ. ಎತ್ತಿದರೂ "ನಾಳೆ ಬರ್ತೀನಣ್ಣ" ಅನ್ನುತ್ತಾನೆ. ಆ ನಾಳೆ ಬರುವ ಹೊತ್ತಿಗೆ ಹದ ಹೋಗಿರುತ್ತದೆ.

ಈ ಭಯ ನಿಜ. ಆದರೆ ಅದಕ್ಕೂ ಗಂಟೆಯ ಲೆಕ್ಕದಲ್ಲೇ ಉತ್ತರವಿದೆ. 30 ಗಂಟೆಯ ಹತ್ತು ಮನೆ ಸೇರಿದರೆ 300 ಗಂಟೆ. ಅದೇ ನಾವು ಹುಡುಕುತ್ತಿದ್ದ ಅಂಕಿ. ಹತ್ತು ಮನೆಯ ರಾಗಿ ಹೊಲ, ಮನೆಗೆ 3 ಎಕರೆಯಂತೆ, 30 ಎಕರೆ. ಗಂಟೆಗೆ ಒಂದು ಎಕರೆ, ದಿನಕ್ಕೆ 10 ಗಂಟೆ. ಮೂರು ದಿನಕ್ಕೆ 30 ಎಕರೆಯ ಒಂದು ಸುತ್ತು ಉಳುಮೆ ಮುಗಿಯಿತು. ಹದ ನಿಲ್ಲುವುದೂ ಅಷ್ಟೇ ದಿನ. ಹತ್ತು ಮನೆಗೆ ಒಂದು ಟ್ರ್ಯಾಕ್ಟರ್ ಸಾಕು. ಸರದಿ ಮಾತ್ರ ಮಳೆ ಬೀಳುವ ಮುಂಚೆ ನಿಗದಿಯಾಗಿರಬೇಕು. ಈ ವರ್ಷ ಮೊದಲು ಉತ್ತವರು ಮುಂದಿನ ವರ್ಷ ಕೊನೆಗೆ.

ಎಲ್ಲ ಉಳುಮೆಯನ್ನೂ ಆ ಮೂರು ದಿನಕ್ಕೇ ತುರುಕಬೇಕಾಗಿಲ್ಲ. ರಾಗಿ ಕೊಯ್ದ ಮೇಲೆ ನೆಲದಲ್ಲಿ ಪಸೆ ಇರುವಾಗಲೇ ಮಾಗಿ ಉಳುಮೆ ಮಾಡಿಸಿ. ಆಗ ಗಾಡಿ ಸುಲಭವಾಗಿ ಸಿಗುತ್ತದೆ. ಕಳೆಯೂ ಕಡಿಮೆಯಾಗುತ್ತದೆ. ಮುಂದೆ ಬೀಳುವ ಮೊದಲ ಮಳೆ ಹೊಲದೊಳಗೇ ಇಂಗುತ್ತದೆ.

ಬಾಡಿಗೆಗೆ ಸರ್ಕಾರದ ದಾರಿಯೂ ಇದೆ. 2014-15ರಲ್ಲಿ ರಾಜ್ಯದಲ್ಲಿ ಕೃಷಿ ಯಂತ್ರಧಾರೆ ಕೇಂದ್ರಗಳು ಶುರುವಾದವು. ಹೋಬಳಿ ಮಟ್ಟದ ಈ ಕೇಂದ್ರಗಳಲ್ಲಿ ಟ್ರ್ಯಾಕ್ಟರ್ ಮಾತ್ರವಲ್ಲ, ವರ್ಷಕ್ಕೆ ಒಂದೆರಡು ದಿನ ಮಾತ್ರ ಬೇಕಾಗುವ ಯಂತ್ರಗಳೂ ಬಾಡಿಗೆಗೆ ಸಿಗುತ್ತವೆ. ವರ್ಷಕ್ಕೆ ಒಂದೇ ದಿನ ಬೇಕಾಗುವ ಯಂತ್ರವನ್ನು ಕೊಂಡು ಕೊಟ್ಟಿಗೆಯಲ್ಲಿ ತುಕ್ಕು ಹಿಡಿಸಬೇಡಿ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಗಂಟೆ ಎಣಿಸಿ. 300ಕ್ಕೆ ಹತ್ತಿರ ಇದ್ದರೆ ಕೊಳ್ಳಿ, ಇಲ್ಲವೇ ಜೊತೆಗೂಡಿ, ಅದೂ ಆಗದಿದ್ದರೆ ಮುಂಗಡವಾಗಿ ಬಾಡಿಗೆಗೆ ಗೊತ್ತು ಮಾಡಿ. ಕೊಳ್ಳುವುದೇ ಸರಿ ಎಂದಾದರೆ ಮುಂದಿನ ಪ್ರಶ್ನೆ. ಯಾವುದನ್ನು ಕೊಳ್ಳಬೇಕು?

ನಿಮ್ಮ ಗಂಟೆಗಳು ಎಲ್ಲಿ ಬೀಳುತ್ತವೆ ಎಂದು ನೋಡಿ. ಅದೇ ಹೇಳುತ್ತದೆ. ಗುಬ್ಬಿ ಕಡೆ ಬಹಳ ಮಂದಿಗೆ ತೋಟವೇ ದೊಡ್ಡದು. ಅಡಿಕೆ ಸಾಲಿನ ಅಂತರ ಸುಮಾರು 9 ಅಡಿ. ತೆಂಗಿನದು 27ರಿಂದ 30 ಅಡಿ. ತೆಂಗಿನ ನಡುವೆ ಅಡಿಕೆ, ಬಾಳೆ ಹಾಕಿದ್ದರೆ ದೊಡ್ಡ ಟ್ರ್ಯಾಕ್ಟರ್ ಒಳಗೆ ತಿರುಗುವುದೇ ಇಲ್ಲ. ಅಲ್ಲಿಗೆ 25 ಎಚ್‌ಪಿ ಒಳಗಿನ ಮಿನಿ ಟ್ರ್ಯಾಕ್ಟರ್, ಇಲ್ಲವೇ ಪವರ್ ಟಿಲ್ಲರ್. ಪವರ್ ಟಿಲ್ಲರ್ ನಮಗೆ ಹೊಸದಲ್ಲ. 1967ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಿಎಸ್‌ಟಿ ಕಂಪನಿ ಜಪಾನಿನ ಮಿತ್ಸುಬಿಷಿ ಜೊತೆಗೂಡಿ ಅದನ್ನು ನಮ್ಮ ಗದ್ದೆಗಳಿಗೆ ತಂದಿತು.

ತೋಟದವರಿಗೆ ಒಂದು ಎಚ್ಚರಿಕೆ. ತೆಂಗಿನ ಉಪಯುಕ್ತ ಬೇರುಗಳು ಹೆಚ್ಚಾಗಿ ಬುಡದಿಂದ 6 ಅಡಿ ದೂರದೊಳಗೆ, ಮೇಲ್ಮಣ್ಣಿನಲ್ಲೇ ಹರಡಿರುತ್ತವೆ. ಅಡಿಕೆಯ ಬೇರು ಇನ್ನೂ ಮೇಲೆ, ಇನ್ನೂ ಹತ್ತಿರ. ತೋಟ ಚೊಕ್ಕಟವಾಗಿ ಕಾಣಲಿ ಎಂದು ಬುಡದವರೆಗೆ ರೋಟವೇಟರ್ ಹೊಡೆಸಿದರೆ ಹಾಕಿದ ಗೊಬ್ಬರ ಹೀರುವ ಬೇರನ್ನೇ ಕತ್ತರಿಸಿದಂತೆ. ಬುಡದ ಸುತ್ತ ಬಿಟ್ಟು ನಡುವೆ ಮಾತ್ರ ಓಡಿಸಿ. ಹುಲ್ಲು ಇಳಿಸುವುದಷ್ಟೇ ಉದ್ದೇಶವಾದರೆ ಬ್ರಷ್ ಕಟರ್ ಸಾಕು.

ಇನ್ನು ಗದ್ದೆ. ಕುಣಿಗಲ್ ದೊಡ್ಡಕೆರೆ, ಶಿಂಷಾ ನದಿಯ ಮಾರ್ಕೋನಹಳ್ಳಿ ಜಲಾಶಯ, ಇವುಗಳ ಅಚ್ಚುಕಟ್ಟಿನಲ್ಲಿ ಭತ್ತ ಬೆಳೆಯುವವರಿಗೆ ಕೆಸರು ಮಾಡುವ ಗಂಟೆಗಳು ಮುಖ್ಯ. ಹಿಂದಿನ ಚಕ್ರಕ್ಕೆ ಕೇಜ್ ವೀಲ್, ಅಂದರೆ ಪಟ್ಟಿ ಬೆಸೆದ ಕಬ್ಬಿಣದ ಚಕ್ರ, ಜೋಡಿಸುತ್ತಾರೆ. ಕೆಸರು ಗಾಡಿಯನ್ನು ಬೇಗ ಸವೆಸುತ್ತದೆ. ಮುಂದಿನ ಚಕ್ರದ ಬೇರಿಂಗು, ಸೀಲುಗಳಿಗೆ ನೀರು ಹೋಗುತ್ತದೆ. ಗದ್ದೆಯ ಒಂದು ಗಂಟೆಯನ್ನು ಹೊಲದ ಒಂದೂವರೆ ಗಂಟೆ ಎಂದು ಎಣಿಸಿಕೊಂಡರೆ ಮೋಸವಿಲ್ಲ. ಬಾಡಿಗೆ ಹೇಳುವಾಗಲೂ ಹಾಗೆಯೇ. ಕೇಜ್ ವೀಲಿನಲ್ಲೇ ಡಾಂಬರು ರಸ್ತೆಗೆ ಹತ್ತಬೇಡಿ. ರಸ್ತೆಯೂ ಹಾಳು, ಚಕ್ರವೂ ಹಾಳು.

ಇನ್ನು ರಾಗಿ ಹೊಲ. ಇಲ್ಲಿ 35ರಿಂದ 45 ಎಚ್‌ಪಿ ಗಾಡಿ ಸಾಕು. ಆದರೆ ರೋಟವೇಟರ್ ಒಂದನ್ನೇ ನೆಚ್ಚಬೇಡಿ. ಅದು ನಾಲ್ಕೈದು ಇಂಚು ಮಾತ್ರ ಇಳಿಯುತ್ತದೆ. ವರ್ಷ ವರ್ಷ ಅಷ್ಟೇ ಆಳಕ್ಕೆ ಹೊಡೆದರೆ ಕೆಳಗೆ ಮಣ್ಣು ಗಟ್ಟಿಯಾಗಿ ಪದರ ಕಟ್ಟುತ್ತದೆ. ಮೇಲೆ ಮಣ್ಣು ಹಿಟ್ಟಿನಂತೆ ನುಣ್ಣಗಿದ್ದರೂ ಮಳೆ ನೀರು ಕೆಳಗೆ ಇಳಿಯುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆಯಾದರೂ ಆಳದ ಉಳುಮೆ ಬೇಕು. ಬಿತ್ತನೆಗೆ ಟ್ರ್ಯಾಕ್ಟರ್ ಕೂರಿಗೆ ಬಳಸಿದರೆ ಸಾಲು ನೇರ ಬೀಳುತ್ತದೆ. ಎಡೆಕುಂಟೆ ಹೊಡೆಯಬಹುದು. ಅವರೆ, ತೊಗರಿಯ ಅಕ್ಕಡಿ ಸಾಲನ್ನೂ ಉಳಿಸಿಕೊಳ್ಳಬಹುದು. ಚೆಲ್ಲಿ ಬಿತ್ತಿದರೆ ಬಿತ್ತನೆಯಲ್ಲಿ ಒಂದು ಗಂಟೆ ಉಳಿಯುತ್ತದೆ. ಆಮೇಲೆ ಕಳೆ ಕೀಳುವ ಕೂಲಿಯಲ್ಲಿ ಅದು ಹತ್ತು ಪಾಲಾಗಿ ಕೈಬಿಡುತ್ತದೆ.

ಕೊಯ್ಲು ಯಂತ್ರದ ಮಾತೂ ಇದೇ. ಗಂಟೆಗೆ ಇಷ್ಟು ಎಂದು ಬಾಡಿಗೆ ಕೊಟ್ಟು ರಾಗಿ ಕೊಯ್ಲು ಮುಗಿಸುತ್ತೇವೆ. ಕೂಲಿ ಉಳಿಯುತ್ತದೆ, ನಿಜ. ಆದರೆ ಯಂತ್ರ ಮೇಲಿನಿಂದ ಕೊಯ್ದರೆ ಹುಲ್ಲಿನಲ್ಲಿ ಒಂದು ಪಾಲು ಹೊಲದಲ್ಲೇ ನಿಲ್ಲುತ್ತದೆ. ಉಳಿದದ್ದು ಚೂರಾಗುತ್ತದೆ. ಡೇರಿಗೆ ಹಾಲು ಹಾಕುವ ಮನೆಗೆ ರಾಗಿ ಹುಲ್ಲು ದುಡ್ಡೇ. ಬಾಡಿಗೆ ಲೆಕ್ಕಕ್ಕೆ ಹೋದ ಹುಲ್ಲಿನ ಬೆಲೆಯನ್ನೂ ಸೇರಿಸಿ ನೋಡಿ.

ಗಾಡಿ ಆರಿಸುವಾಗ ಇನ್ನೊಂದು ಅಂಶ. ಅಂಗಡಿಯವರು ಹೇಳುವುದು ಎಂಜಿನ್ನಿನ ಎಚ್‌ಪಿ. ರೋಟವೇಟರನ್ನು ತಿರುಗಿಸುವುದು ಪಿಟಿಒ, ಅಂದರೆ ಗಾಡಿಯ ಹಿಂದೆ ಹೊರಚಾಚಿರುವ ತಿರುಗು ದಂಡದ ಎಚ್‌ಪಿ. ಅದು ನೂರಕ್ಕೆ ಹತ್ತು ಹದಿನೈದು ಕಡಿಮೆ ಇರುತ್ತದೆ. ಟ್ರ್ಯಾಕ್ಟರು, ಕೃಷಿ ಯಂತ್ರಗಳನ್ನು ಪರೀಕ್ಷೆ ಮಾಡಲು ಕೇಂದ್ರ ಸರ್ಕಾರದ ಸಂಸ್ಥೆಗಳಿವೆ. ಮಧ್ಯಪ್ರದೇಶದ ಬುದನಿಯಲ್ಲಿ ಒಂದು. ದಕ್ಷಿಣಕ್ಕೆ ನಮ್ಮ ಪಾವಗಡದ ಆಚೆ, ಅನಂತಪುರದ ಬಳಿಯ ಗಾರ್ಲದಿನ್ನೆಯಲ್ಲಿ ಇನ್ನೊಂದು. ಗಾರ್ಲದಿನ್ನೆಯಲ್ಲಿ ರೈತರಿಗೆ ಯಂತ್ರ ಓಡಿಸುವ, ನೋಡಿಕೊಳ್ಳುವ ತರಬೇತಿಯನ್ನೂ ಕೊಡುತ್ತಾರೆ. ಪರೀಕ್ಷಾ ವರದಿಯಲ್ಲಿ ಪಿಟಿಒ ಎಚ್‌ಪಿ ಎಷ್ಟು, ಗಂಟೆಗೆ ಎಷ್ಟು ಲೀಟರ್ ಡೀಸೆಲ್ ಎಂದು ಬರೆದಿರುತ್ತದೆ. ಅಂಗಡಿಯಲ್ಲಿ ಬಣ್ಣದ ಪುಸ್ತಿಕೆ ಕೊಟ್ಟರೆ ತೆಗೆದುಕೊಳ್ಳಿ. ಜೊತೆಗೆ ಆ ವರದಿಯನ್ನೂ ಕೇಳಿ.

ಕೊಳ್ಳುವ ಲೆಕ್ಕ ಆಯಿತು. ಯಾವ ಹೊಲಕ್ಕೆ ಯಾವ ಗಾಡಿ ಎನ್ನುವುದೂ ಆಯಿತು. ಈಗ ಮನೆಗೆ ಬಂದ ಗಾಡಿಯನ್ನು ನೋಡಿಕೊಳ್ಳುವ ಬಗೆ. ಇಲ್ಲಿಯೂ ಗಂಟೆ ಮೀಟರೇ ಪಂಚಾಂಗ. ಮೂರು ಅಂಕಿ ನೆನಪಿಡಿ. 10, 50, 250.

ಹತ್ತು ಗಂಟೆ ಎಂದರೆ ಒಂದು ದಿನದ ಕೆಲಸ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ, ಗಾಡಿ ಸಮನೆಲದಲ್ಲಿ ನಿಂತಿರುವಾಗ, ಆಯಿಲ್ ಕಡ್ಡಿ ಎಳೆದು ಒರೆಸಿ, ಮತ್ತೆ ಹಾಕಿ ನೋಡಿ. ಎರಡು ಗೆರೆಗಳ ನಡುವೆ ಆಯಿಲ್ ಇರಬೇಕು. ರೇಡಿಯೇಟರ್ ನೀರು ನೋಡಿ. ಬಿಸಿ ಗಾಡಿಯ ಮುಚ್ಚಳ ಮಾತ್ರ ತೆರೆಯಬೇಡಿ, ಕೈ ಮುಖ ಸುಟ್ಟೀತು. ಗ್ರೀಸ್ ನಿಪ್ಪಲ್ಲುಗಳನ್ನು ಒರೆಸಿ ಗ್ರೀಸ್ ಹೊಡೆಯಿರಿ. ಒರೆಸದೆ ಹೊಡೆದರೆ ಮಣ್ಣನ್ನೇ ಒಳಗೆ ತಳ್ಳಿದಂತೆ. ಡೀಸೆಲನ್ನು ಸಂಜೆಯೇ ತುಂಬಿಸಿ. ಟ್ಯಾಂಕ್ ಖಾಲಿ ಇದ್ದರೆ ರಾತ್ರಿಯ ತಣ್ಣನೆ ಗಾಳಿಗೆ ಒಳಗೆ ನೀರು ಹನಿಗಟ್ಟುತ್ತದೆ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಏರ್ ಕ್ಲೀನರ್. ಅದನ್ನು ಸ್ವಲ್ಪ ವಿವರಿಸುತ್ತೇನೆ. ಹಲವು ಗಾಡಿಗಳಲ್ಲಿ ಬಾನೆಟ್ಟಿನ ಒಳಗೆ ಒಂದು ಡಬ್ಬ ಇರುತ್ತದೆ. ಅದರ ತಳದಲ್ಲಿ ಕ್ಲಿಪ್ಪಿನಿಂದ ಹಿಡಿದ ಬಟ್ಟಲು. ಬಟ್ಟಲಲ್ಲಿ ಆಯಿಲ್. ಎಂಜಿನ್ ಎಳೆಯುವ ಗಾಳಿ ಈ ಆಯಿಲಿನ ಮೇಲೆ ಹಾದು ಹೋಗುತ್ತದೆ. ಧೂಳು ಆಯಿಲಿಗೆ ಅಂಟಿಕೊಂಡು ಕೆಳಗೆ ಕೂರುತ್ತದೆ. ಫೆಬ್ರವರಿ ಮಾರ್ಚಿನಲ್ಲಿ ಒಣ ಹೊಲದಲ್ಲಿ ರೋಟವೇಟರ್ ಹೊಡೆದ ದಿನ ಸಂಜೆ ಆ ಬಟ್ಟಲು ಬಿಚ್ಚಿ ನೋಡಿ. ಬೆರಳು ಅದ್ದಿ ತಳ ಮುಟ್ಟಿ. ಕೆಂಪನೆಯ ಗಸಿ ಸಿಗುತ್ತದೆ. ಆ ಗಸಿ ಅಲ್ಲಿ ನಿಲ್ಲದೆ ಇದ್ದಿದ್ದರೆ ಪಿಸ್ಟನ್ನು, ಸಿಲಿಂಡರಿನ ನಡುವೆ ಸೇರಿ ಎಂಜಿನ್ನನ್ನು ತೇಯುತ್ತಿತ್ತು. ಗಸಿ ತುಂಬಿದ್ದರೆ ಚೆಲ್ಲಿ, ಬಟ್ಟಲು ತೊಳೆದು, ಗೆರೆಯವರೆಗೆ ಹೊಸ ಆಯಿಲ್ ಹಾಕಿ. ಕಾಗದದ ಫಿಲ್ಟರ್ ಇರುವ ಗಾಡಿಯಾದರೆ ಅದನ್ನು ಟೈರಿಗೆ ಬಡಿದು ಧೂಳು ಕೊಡವಬೇಡಿ. ಕಾಗದ ಹರಿದರೆ ಫಿಲ್ಟರ್ ಇದ್ದೂ ಇಲ್ಲದಂತೆ.

ಐವತ್ತು ಗಂಟೆಗೆ ಫ್ಯಾನ್ ಬೆಲ್ಟ್, ಬ್ಯಾಟರಿ ನೀರು, ಕ್ಲಚ್ ಮತ್ತು ಬ್ರೇಕ್ ಪೆಡಲುಗಳ ಸಡಿಲ, ಚಕ್ರದ ನಟ್ಟುಗಳನ್ನು ನೋಡಿಸಿ. ಹೊಸ ಗಾಡಿಗೆ ಮೊದಲ ಐವತ್ತು ಗಂಟೆಯ ಸರ್ವೀಸನ್ನು ತಪ್ಪಿಸಲೇಬೇಡಿ. ಹೊಸ ಭಾಗಗಳು ಒಂದಕ್ಕೊಂದು ತೇಯ್ದು ಉದುರಿದ ಲೋಹದ ಪುಡಿ ಆ ಮೊದಲ ಆಯಿಲಿನಲ್ಲೇ ಇರುತ್ತದೆ. ಹೆಚ್ಚಿನ ಗಾಡಿಗಳಿಗೆ 250 ಗಂಟೆಯ ಆಸುಪಾಸಿನಲ್ಲಿ ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್ ಬದಲಿಸಬೇಕು. ಡೀಸೆಲ್ ಫಿಲ್ಟರ್, ಗೇರ್ ಬಾಕ್ಸ್ ಆಯಿಲಿಗೆ ಇನ್ನೂ ದೊಡ್ಡ ಅವಧಿ. ಕಂಪನಿಯಿಂದ ಕಂಪನಿಗೆ ಇದು ಬದಲಾಗುತ್ತದೆ. ಗಾಡಿಯ ಜೊತೆ ಬಂದ ಕೈಪಿಡಿಯ ಮಾತೇ ಕೊನೆ.

ಗಂಟೆ ದಂಡವಾಗುವ ಎರಡು ಅಭ್ಯಾಸ ಬಿಡಿ. ಒಂದು, ಗಾಡಿ ಆನ್ ಇಟ್ಟು ಬದುವಿನ ಮೇಲೆ ಮಾತಿಗೆ ಕೂರುವುದು. ಕೆಲಸವಿಲ್ಲದೆ ನಿಂತ ಎಂಜಿನ್ನೂ ಗಂಟೆಗೆ ಅರ್ಧದಿಂದ ಒಂದು ಲೀಟರ್ ಡೀಸೆಲ್ ಕುಡಿಯುತ್ತದೆ. ಇನ್ನೊಂದು, ಕ್ಲಚ್ ಪೆಡಲಿನ ಮೇಲೆ ಕಾಲಿಟ್ಟುಕೊಂಡೇ ಓಡಿಸುವುದು. ಕ್ಲಚ್ ಪ್ಲೇಟ್ ಸವೆದರೆ ಗಾಡಿಯನ್ನು ನಡುವಿನಲ್ಲಿ ಬಿಚ್ಚಬೇಕು. ಹದದ ಮೂರು ದಿನ ಗ್ಯಾರೇಜಿನಲ್ಲೇ ಕಳೆದುಹೋಗುತ್ತವೆ.

ಕೊಳ್ಳುವುದು, ಆರಿಸುವುದು, ನೋಡಿಕೊಳ್ಳುವುದು ಆಯಿತು. ಇನ್ನು ಹಳೆಯ ಗಾಡಿ. ಬಂಡವಾಳ ಕಡಿಮೆ ಇದ್ದು ಗಂಟೆಯೂ ಕಡಿಮೆ ಇರುವವರಿಗೆ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಒಳ್ಳೆಯ ದಾರಿ. ಆದರೆ ಇಲ್ಲಿ ಗಂಟೆ ಮೀಟರನ್ನು ಪೂರ್ತಿ ನಂಬಬಾರದು. ಕೇಬಲ್ ಕಿತ್ತಿರಬಹುದು. ಮೀಟರೇ ಬದಲಾಗಿರಬಹುದು. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಎತ್ತು ಕೊಳ್ಳುವವರು ಮಾರುವವನ ಬಾಯಿ ಮಾತು ಬಿಟ್ಟು ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾರಲ್ಲ, ಹಾಗೆಯೇ ಟ್ರ್ಯಾಕ್ಟರಿಗೂ ಹಲ್ಲುಗಳಿವೆ.

ಕ್ಲಚ್, ಬ್ರೇಕ್ ಪೆಡಲುಗಳ ಅಂಚು ನೋಡಿ. ಮೀಟರ್ 1,500 ಗಂಟೆ ಎನ್ನುತ್ತಿದ್ದು ಪೆಡಲಿನ ಗೀರುಗಳೆಲ್ಲ ಸವೆದು ನುಣುಪಾಗಿದ್ದರೆ ಅನುಮಾನ ಪಡಿ. ಪಿಟಿಒ ದಂಡದ ಹಲ್ಲುಗಳನ್ನು ಬೆರಳಿನಲ್ಲಿ ಸವರಿ. ಅಂಚು ಚೂಪಾಗಿದ್ದರೆ ರೋಟವೇಟರಿನ ದುಡಿಮೆ ಜಾಸ್ತಿ ಆಗಿದೆ. ತಣ್ಣಗಿರುವ ಎಂಜಿನ್ನನ್ನು ನೀವೇ ಸ್ಟಾರ್ಟ್ ಮಾಡಿ. ನೀವು ಹೋಗುವ ಮುಂಚೆಯೇ ಬಿಸಿ ಮಾಡಿ ನಿಲ್ಲಿಸಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದು ಅರ್ಥ. ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಬುಸುಗುಟ್ಟಿದರೆ ಪಿಸ್ಟನ್ ರಿಂಗುಗಳು ಹೋಗಿವೆ. ರೋಟವೇಟರ್ ಎತ್ತಿ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಅದು ಬೇಗ ಬೇಗ ಕೆಳಗಿಳಿದರೆ ಹೈಡ್ರಾಲಿಕ್ ಸೋರುತ್ತಿದೆ. ಎತ್ತಿ ನಿಂತ ರೋಟವೇಟರಿನ ಕೆಳಗೆ ಮಾತ್ರ ಕೈ ಕಾಲು ಹಾಕಬೇಡಿ.

ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಮೊದಲೇ ಕೇಳಿ. ತುಮಕೂರಿನವರಿಗೆ ಎಚ್‌ಎಂಟಿ ಎಂದರೆ ವಾಚ್ ಕಾರ್ಖಾನೆ. ಅದೇ ಎಚ್‌ಎಂಟಿ 1971ರಿಂದ ಹರಿಯಾಣದ ಪಿಂಜೋರಿನಲ್ಲಿ, ಜೆಕೊಸ್ಲೊವಾಕಿಯಾದ ಜೆಟರ್ ಕಂಪನಿಯ ತಂತ್ರಜ್ಞಾನದಲ್ಲಿ ಟ್ರ್ಯಾಕ್ಟರ್ ಮಾಡುತ್ತಿತ್ತು. 2016ರಲ್ಲಿ ವಾಚ್ ಕಂಪನಿಯನ್ನೂ ಟ್ರ್ಯಾಕ್ಟರ್ ವಿಭಾಗವನ್ನೂ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಗಟ್ಟಿ ಗಾಡಿಗಳು. ಆದರೆ ತಯಾರಿಕೆ ನಿಂತ ಗಾಡಿ ಕೊಳ್ಳುವಾಗ, ಅದನ್ನು ಬಲ್ಲ ಮೆಕ್ಯಾನಿಕ್ ಹತ್ತಿರದಲ್ಲಿ ಇದ್ದಾನೆಯೇ ಎಂದು ತಿಳಿದೇ ದುಡ್ಡು ಕೊಡಿ.

ಕಾಗದ ಪತ್ರ ಮರೆಯಬೇಡಿ. ಆರ್‌ಸಿ ಪುಸ್ತಕದಲ್ಲಿ ಬ್ಯಾಂಕಿನ ಅಡಮಾನ ನಮೂದಾಗಿದ್ದರೆ ಸಾಲ ತೀರಿದ ಪತ್ರ ಬೇಕು. ಆರ್‌ಟಿಒ ಕಚೇರಿಯಲ್ಲಿ ಹೆಸರು ಬದಲಾಗಬೇಕು. ವಿಮೆಯೂ ನಿಮ್ಮ ಹೆಸರಿಗೆ ಬರಬೇಕು. ಇಲ್ಲದಿದ್ದರೆ ಅಪಘಾತವಾದ ದಿನ ಗಾಡಿ ಯಾರದು ಎಂಬ ಪ್ರಶ್ನೆ ಕೋರ್ಟಿನಲ್ಲಿ ಏಳುತ್ತದೆ.

ಅಪಘಾತದ ಮಾತು ಬಂದಿತು. ಇದುವರೆಗೆ ಗಾಡಿಯ ಗಂಟೆ ಎಣಿಸಿದೆವು. ಓಡಿಸುವವನ ಗಂಟೆಯನ್ನೂ ಎಣಿಸಬೇಕು. ಹದದ ದಿನ ಬೆಳಗಿನಿಂದ ಕುಳಿತ ಡ್ರೈವರಿಗೆ ಸಂಜೆ "ಇನ್ನೊಂದು ತಾಕು ಮುಗಿಸಿಬಿಡಪ್ಪ" ಎನ್ನುತ್ತೇವೆ. ಕಣ್ಣು ಮಂಜಾಗಿರುತ್ತದೆ, ಕೈ ಸೋತಿರುತ್ತದೆ. ಆ ತಾಕು ನಾಳೆಗಿರಲಿ.

ಪಿಟಿಒ ದಂಡ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ 9 ಸುತ್ತು. ಪಂಚೆಯ ತುದಿಯೋ, ಹೆಗಲ ಟವಲೋ, ಸೀರೆಯ ಸೆರಗೋ ಅದಕ್ಕೆ ಸಿಕ್ಕರೆ ಅಯ್ಯೋ ಎನ್ನುವಷ್ಟರಲ್ಲಿ ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ಒಕ್ಕಣೆ ಯಂತ್ರದ ಬಳಿ ಹೆಣ್ಣುಮಕ್ಕಳು ಹೆಚ್ಚು ಇರುತ್ತಾರೆ. ದಂಡದ ಮೇಲಿನ ಪ್ಲಾಸ್ಟಿಕ್ ಕವಚ ಬಿಚ್ಚಿ ಎಸೆಯಬೇಡಿ. ಎಂಜಿನ್ ನಿಲ್ಲಿಸದೆ ಹತ್ತಿರ ಹೋಗಬೇಡಿ. ಎರಡನೆಯದು ಬ್ರೇಕ್. ಹೊಲದಲ್ಲಿ ತಿರುಗಿಸಲು ಎಡಕ್ಕೊಂದು ಬಲಕ್ಕೊಂದು ಪೆಡಲ್ ಇರುತ್ತವೆ. ರಸ್ತೆಗೆ ಹತ್ತುವ ಮುಂಚೆ ಎರಡನ್ನೂ ಚಿಲಕ ಹಾಕಿ ಕೂಡಿಸಿ. ಇಲ್ಲದಿದ್ದರೆ ವೇಗದಲ್ಲಿ ಒಂದೇ ಕಡೆ ಬ್ರೇಕ್ ಬಿದ್ದು ಗಾಡಿ ಮಗುಚುತ್ತದೆ. ಮೂರನೆಯದು, ಮಡ್‌ಗಾರ್ಡಿನ ಮೇಲೆ ಮಕ್ಕಳನ್ನು ಕೂರಿಸಬೇಡಿ. ಟ್ರ್ಯಾಕ್ಟರಿನಲ್ಲಿ ಸೀಟು ಒಂದೇ. ಮನೆಯ ಮುದ್ದಿಗಾಗಿ ಇನ್ನೊಂದು ಸೀಟು ಹುಟ್ಟುವುದಿಲ್ಲ.

ಇಷ್ಟು ಹೊತ್ತು ಆಡಿದ್ದನ್ನು ನಾಲ್ಕು ಮಾತಿನಲ್ಲಿ ಹೇಳುತ್ತೇನೆ. ಕೊಳ್ಳುವ ಮುಂಚೆ ವರ್ಷದ ಗಂಟೆ ಎಣಿಸಿ. ಆ ಗಂಟೆಗಳು ಹೊಲದಲ್ಲೋ, ಗದ್ದೆಯಲ್ಲೋ, ತೋಟದಲ್ಲೋ ಎಂದು ನೋಡಿ ಗಾಡಿ ಆರಿಸಿ. 10, 50, 250ರ ಕೆಲಸ ತಪ್ಪಿಸಬೇಡಿ. ಹಳೆಯ ಗಾಡಿಯಲ್ಲಿ ಮೀಟರಿಗಿಂತ ಸವೆತವನ್ನು ನಂಬಿ.

ಇದಕ್ಕೆ ಬೇಕಾದ ಸಲಕರಣೆ ಒಂದು ನೋಟ್ ಬುಕ್ಕು ಮಾತ್ರ. ಅದನ್ನು ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಇಡಿ. ತಾರೀಖು, ಕೆಲಸ, ಶುರುವಿನ ಅಂಕಿ, ಕೊನೆಯ ಅಂಕಿ, ಹಾಕಿದ ಡೀಸೆಲ್. ಬರೆಯುವ ಕೆಲಸವನ್ನು ಮನೆಯ ಹೆಣ್ಣುಮಗಳಿಗೋ ಓದುವ ಹುಡುಗನಿಗೋ ಒಪ್ಪಿಸಿ. ಟ್ರ್ಯಾಕ್ಟರ್ ಇಲ್ಲದವರೂ ಬರೆಯಿರಿ. ಯಾವ ದಿನ, ಎಷ್ಟು ಗಂಟೆ, ಎಷ್ಟು ಬಾಡಿಗೆ. ಒಂದು ವರ್ಷ ತುಂಬಿದಾಗ ಕೊಳ್ಳಬೇಕೋ ಬೇಡವೋ ಎಂದು ಬೇರೆ ಯಾರನ್ನೂ ಕೇಳಬೇಕಾಗುವುದಿಲ್ಲ. ಸಂದೇಹ ಬಂದರೆ ಹಿರೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೋ, ತಿಪಟೂರಿನ ಕೊನೇಹಳ್ಳಿಯ ಕೇಂದ್ರಕ್ಕೋ ಅದೇ ಪುಸ್ತಕ ಹಿಡಿದು ಹೋಗಿ. ಅಂಕಿ ಮುಂದಿದ್ದರೆ ಸಲಹೆಯೂ ಖಚಿತವಾಗಿ ಸಿಗುತ್ತದೆ.

ಕೊನೆಯ ಮಾತು. ನಿಮ್ಮ ಪುಸ್ತಕ 30 ಗಂಟೆ ಎಂದರೆ ಬೇಸರ ಬೇಡ. ನಿಮ್ಮಂಥವೇ ಇನ್ನೂ ಒಂಬತ್ತು ಮನೆ ನಿಮ್ಮೂರಿನಲ್ಲೇ ಇವೆ. ಭರಣಿ ಮಳೆಗೆ ಮುಂಚೆ, ಯುಗಾದಿಯ ಬಿಡುವಿನಲ್ಲಿ, ಆ ಒಂಬತ್ತು ಮನೆಯವರನ್ನು ಕರೆದು ಕೂರಿಸಿ. ಸರದಿ ಬರೆಯಿರಿ, ಬಾಡಿಗೆ ಗೊತ್ತು ಮಾಡಿ, ಪುಸ್ತಕ ಯಾರ ಕೈಯಲ್ಲಿ ಎಂದು ನಿಶ್ಚಯಿಸಿ. ಹತ್ತು ಮನೆ ಹತ್ತು ಸಾಲ ಮಾಡುವ ಬದಲು ಒಂದು ಟ್ರ್ಯಾಕ್ಟರ್ ಹತ್ತು ಮನೆಯ ಹೊಲ ಉಳಲಿ.